ಫ್ಲಾಪಿಯ ಖಾಲಿ ಜಾಗವನ್ನೂ ಉಳಿಸಬೇಕು

ಆಪಲ್ 2 ಕಂಪ್ಯೂಟರಿನ ಹಳೆಯ ಫ್ಲಾಪಿಗಳನ್ನು ಕಾಪಿಡುವವರು ಬಹುಕಾಲ, ಫ್ಲಾಪಿಯ ದತ್ತಾಂಶವನ್ನು ನಕಲಿಸಿಡುವ ಡಿಎಸ್‌ಕೆ ಕಡತವನ್ನೇ ನೆಚ್ಚಿಕೊಂಡಿದ್ದರು. 35 ಟ್ರ್ಯಾಕ್, ಒಂದೊಂದರಲ್ಲೂ 16 ಸೆಕ್ಟರ್, ಸೆಕ್ಟರಿಗೆ 256 ಬೈಟ್. ಒಟ್ಟು 1,43,360 ಬೈಟ್. ಅದರಾಚೆ ಆ ಕಡತದಲ್ಲಿ ಏನೂ ಇಲ್ಲ. ಮನೆಯಲ್ಲಿ ಬರೆದ ಬೇಸಿಕ್ ಪ್ರೋಗ್ರಾಂ, ಪತ್ರಗಳನ್ನು ಉಳಿಸಲು ಇವತ್ತಿಗೂ ಇಷ್ಟು ಸಾಕು. ಅಂಗಡಿಯಲ್ಲಿ ಮಾರಾಟವಾದ ಆಟಗಳ ಮಾತು ಬಂದಾಗ ಮಾತ್ರ ಇದನ್ನು ಸಂಗ್ರಹಯೋಗ್ಯ ಪ್ರತಿ ಎಂದು ನಾನು ಒಪ್ಪಲಾರೆ.

1978ರ ಡಿಸ್ಕ್ 2 ಡ್ರೈವ್ ರೂಪಿಸುವಾಗ ಸ್ಟೀವ್ ವೋಜ್ನಿಯಾಕ್ ಚಿಪ್‌ಗಳನ್ನು ಕಡಿಮೆ ಮಾಡಿ ಹೆಚ್ಚಿನ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿದರು. ಹಾಗಾಗಿ ಬಿಟ್‌ಗಳನ್ನು ಹೇಗೆ ಜೋಡಿಸಬೇಕೆಂಬುದು ಪ್ರಕಾಶಕರ ಕೈಗೆ ಬಂತು. ನಕಲು ತಡೆಯಲು ಅವರು ಸೆಕ್ಟರಿನ ಗುರುತು ಬದಲಿಸಿದರು, ಎರಡು ಟ್ರ್ಯಾಕ್‌ಗಳ ನಡುವೆ ಬರೆದರು. ಎಲ್ಲಕ್ಕಿಂತ ಜಾಣತನದ್ದು, ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟದ್ದು. ಅಲ್ಲಿ ಕಾಂತೀಯ ಬದಲಾವಣೆ ಸಿಗದ ಡ್ರೈವ್, ಸಂಕೇತವನ್ನು ಹಿಗ್ಗಿಸುತ್ತ ಹೋಗಿ ಕೊನೆಗೆ ಬರೀ ಗದ್ದಲವನ್ನೇ ಬಿಟ್ ಎಂದು ಓದುತ್ತದೆ. ಓದಿದಾಗಲೆಲ್ಲ ಬೇರೆ ಬೇರೆ ಫಲಿತ. ಆಟ ಆ ಜಾಗವನ್ನು ಎರಡು ಸಲ ಓದಿ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಫ್ಲಾಪಿ ನಕಲಿ ಎಂದು ತೀರ್ಮಾನಿಸುತ್ತದೆ.

ಡಿಎಸ್‌ಕೆಯಲ್ಲಿ ಈ ಖಾಲಿಗೆ ಸ್ಥಳವೇ ಇಲ್ಲ. ಅದರಲ್ಲಿ ಓಡುವ ಆಟ ಸಾಮಾನ್ಯವಾಗಿ ಯಾರೋ ರಕ್ಷಣೆ ಮುರಿದು ತಿದ್ದಿದ ಆಟ. ಆಡಲು ಅಡ್ಡಿಯಿಲ್ಲ, ಆದರೆ ಪ್ರಕಾಶಕರು ಮಾರಿದ್ದು ಅದಲ್ಲ.

ಫ್ಲಾಪಿಗಳನ್ನು ಓದಿ ದಾಖಲಿಸುವ ಆಪಲ್‌ಸಾಸ್ ಉಪಕರಣದ ಜೊತೆ 2018ರಲ್ಲಿ ಬಂದ ವೋಜ್ ಕಡತ ಇದನ್ನು ಸೊಗಸಾಗಿ ಬಗೆಹರಿಸಿದೆ. ಖಾಲಿ ಜಾಗದಲ್ಲಿ ಸೊನ್ನೆಗಳನ್ನು ಇಡುತ್ತದೆ. ಗದ್ದಲವನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸುವ ಹೊಣೆ, ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದ್ದು. ಕಾಲು ಟ್ರ್ಯಾಕಿನಷ್ಟು ಸೂಕ್ಷ್ಮವಾಗಿ ಯಾವುದು ಎಲ್ಲಿತ್ತೆಂದು ಗುರುತಿಡುತ್ತದೆ. ಸಾಗಣೆಯಲ್ಲಿ ಯಾವುದಾದರೂ ತಂತ್ರಾಂಶ ಅದನ್ನು ಬರಹದ ಕಡತವೆಂದು ತಿಳಿದು ಸಾಲಿನ ಕೊನೆಗಳನ್ನು ತಿದ್ದಿದರೆ, ಆ ಹಾನಿ ಬಯಲಾಗಲೆಂದೇ ಆರಂಭದಲ್ಲಿ ಕೆಲವು ಬೈಟ್‌ಗಳನ್ನು ಇಟ್ಟಿದ್ದಾರೆ. ಇಷ್ಟು ಮುಂದಾಲೋಚನೆಯ ವಿನ್ಯಾಸ ನನಗೆ ನಿಜಕ್ಕೂ ಸಂತೋಷ ಕೊಡುತ್ತದೆ. ವಿವರಣೆಯೂ ಬಹಿರಂಗವಾಗಿದೆ; ನಾಳೆ ಉಪಕರಣ ಸಿಗದಿದ್ದರೂ ಕಡತ ಓದಬಹುದು.

ಆದರೂ ಯಾವ ಬಿಟ್ ಹುಸಿ, ಟ್ರ್ಯಾಕ್ ಎಲ್ಲಿ ಕೊನೆಯಾಗುತ್ತದೆ ಎಂಬ ತೀರ್ಪು ವೋಜ್‌ನೊಳಗೆ ಆಗಲೇ ಸೇರಿಹೋಗಿದೆ. ಆ ತೀರ್ಪು ತಪ್ಪಿದ್ದರೆ ಮರುಪರಿಶೀಲನೆಗೆ ಕಾಂತೀಯ ಬದಲಾವಣೆಗಳ ಕಚ್ಚಾ ದಾಖಲೆಯೇ ಬೇಕು. ಅದು ಹಲವು ಪಟ್ಟು ದೊಡ್ಡದು, ನೇರವಾಗಿ ಆಡಲು ಒಗ್ಗದು. ಆದರೆ ಕಚ್ಚಾ ದಾಖಲೆಯಿಂದ ವೋಜ್ ತಯಾರಿಸಬಹುದು, ವೋಜ್‌ನಿಂದ ಕಚ್ಚಾ ದಾಖಲೆ ಮರಳಿ ಬಾರದು. ಲೇಪ ಉದುರುತ್ತಿರುವ ಫ್ಲಾಪಿ ಒಂದೇ ಸಲ ಓದಲು ಸಿಕ್ಕರೆ, ಮೊದಲು ತೆಗೆದಿಡಬೇಕಾದದ್ದು ಕಚ್ಚಾ ದಾಖಲೆಯನ್ನೇ.