‘ಮಹಿಳಾ ಪ್ರತಿನಿಧಿ’: ಒಂದು ಸಮಾಸದ ವಿಮರ್ಶೆ

ಶಾಸನಸಭೆಗಳಿಗೆ ಚುನಾಯಿತರಾದ ಸ್ತ್ರೀಯರನ್ನು ಕುರಿತು ಕನ್ನಡದಲ್ಲಿ ಬರೆಯುವವರು ‘ಮಹಿಳಾ ಪ್ರತಿನಿಧಿ’, ‘ಮಹಿಳಾ ಪ್ರಾತಿನಿಧ್ಯ’ ಎಂಬ ಸಮಸ್ತಪದಗಳನ್ನು ಧಾರಾಳವಾಗಿ ಬಳಸುವರು. ವಿಗ್ರಹವಾಕ್ಯವನ್ನು ಹೇಳದೆ ಬಿಟ್ಟ ಸಮಾಸವು ಹಲವು ಅರ್ಥಗಳಿಗೆ ಎಡೆಗೊಡುವುದು ಸಹಜ. ‘ಮಹಿಳಾ ಪ್ರತಿನಿಧಿ’ ಎಂಬ ಪದಕ್ಕೆ ಮೂರು ವಿಗ್ರಹಗಳು ಸಾಧ್ಯವಾಗುವುವು. ‘ಮಹಿಳೆಯರ ಪ್ರತಿನಿಧಿ’ ಎಂದು ಷಷ್ಠೀತತ್ಪುರುಷವಾಗಿ ಬಿಡಿಸುವುದು ಒಂದು. ‘ಮಹಿಳೆಯಾದ ಪ್ರತಿನಿಧಿ’ ಎಂದು ಕರ್ಮಧಾರಯವಾಗಿ ಬಿಡಿಸುವುದು ಎರಡು. ‘ಮಹಿಳೆಯೊಬ್ಬಳ ಪ್ರತಿನಿಧಿ’, ಎಂದರೆ ಆಕೆಯ ಸ್ಥಾನದಲ್ಲಿ ನಿಂತು ಆಕೆಯ ಕಾರ್ಯವನ್ನು ತಾನೇ ನಡೆಸುವವನು, ಎಂದು ಅರ್ಥಮಾಡುವುದು ಮೂರು. ಇವುಗಳಲ್ಲಿ ರಾಜ್ಯಾಂಗಕ್ಕೆ ಸಮ್ಮತವಾದುದು ಎರಡನೆಯದು. ಭಾಷಣಗಳಲ್ಲಿ ಕೇಳಿಬರುವುದು ಮೊದಲನೆಯದು. ಅನೇಕ ಗ್ರಾಮಗಳ ವ್ಯವಹಾರದಲ್ಲಿ ಕಂಡುಬರುವುದು ಮೂರನೆಯದು. ಈ ವಿಷಯದ ವಿವಾದಗಳಲ್ಲಿ ಬಹುಭಾಗವು ಮೂರನ್ನೂ ಬೆರೆಸಿ ಮಾತನಾಡುವುದರಿಂದಲೇ ಹುಟ್ಟಿರುವುದು.

‘ಪ್ರತಿನಿಧಿ’ ಎಂಬುದು ಚುನಾವಣೆಗಳ ಕಾಲದಲ್ಲಿ ಹುಟ್ಟಿದ ಶಬ್ದವಲ್ಲ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಜೈಮಿನಿಯು ಅದನ್ನು ವಿಸ್ತಾರವಾಗಿ ವಿಚಾರಿಸಿರುವನು. ಯಾಗಕ್ಕೆ ವಿಹಿತವಾದ ಭತ್ತವು ದೊರೆಯದಿದ್ದರೆ ನೀವಾರವನ್ನೂ, ಸೋಮಲತೆಯು ದೊರೆಯದಿದ್ದರೆ ಪೂತೀಕವನ್ನೂ ತರಬಹುದು. ಹೀಗೆ ಮುಖ್ಯದ ಸ್ಥಾನದಲ್ಲಿ ಇಡಲ್ಪಟ್ಟುದೇ ಪ್ರತಿನಿಧಿ. ಆದರೆ ದ್ರವ್ಯಕ್ಕೆ ಉಂಟಾದ ಈ ಅವಕಾಶವು ದೇವತೆಗೆ ಇಲ್ಲ, ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ. ಮುಖ್ಯವಾಗಿ, ಯಾಗದ ಸ್ವಾಮಿಯಾದ ಯಜಮಾನನಿಗೆ ಇಲ್ಲ. ಒಡೆಯನ ಬದಲಿಗೆ ಬೇರೊಬ್ಬನು ಒಡೆಯನಾಗಲಾರನು. ಆದುದರಿಂದ ಪ್ರತಿನಿಧಿಯ ವಿಚಾರಕ್ಕೆ ಮೊದಲು ಸ್ವಾಮಿಯಾರು, ಅಧಿಕಾರವು ಯಾರದು ಎಂಬುದನ್ನು ನಿರ್ಣಯಿಸಬೇಕಾಗುವುದು. ಜೈಮಿನಿಯ ಕ್ರಮವೂ ಅದೇ: ಆರನೆಯ ಅಧ್ಯಾಯದ ಮೊದಲನೆಯ ಪಾದವು ಅಧಿಕಾರವನ್ನು, ಮೂರನೆಯ ಪಾದವು ಪ್ರತಿನಿಧಿಯನ್ನು ಕುರಿತುದು.

ಅಧಿಕಾರದ ಪ್ರಕರಣದಲ್ಲಿ ಸ್ತ್ರೀಯ ವಿಚಾರವು ಬಂದಿದೆ. ಸ್ವರ್ಗವನ್ನು ಬಯಸುವವನು ಯಜಿಸಬೇಕೆಂಬ ವಿಧಿಯಲ್ಲಿ ಪುಲ್ಲಿಂಗವಿರುವುದರಿಂದ ಪುರುಷನಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ಪಕ್ಷ. ಆ ಶಬ್ದವು ಫಲಾಪೇಕ್ಷೆಯುಳ್ಳ ವರ್ಗವನ್ನೆಲ್ಲ ಹೇಳುವುದು, ಅಲ್ಲಿ ಲಿಂಗವು ವಿವಕ್ಷಿತವಲ್ಲ, ಆದುದರಿಂದ ಸ್ತ್ರೀಗೂ ಅಧಿಕಾರವುಂಟೆಂದು ಬಾದರಾಯಣನ ಪಕ್ಷ. ಇದೇ ಸಿದ್ಧಾಂತವಾಗಿ ನಿಂತಿತು. ಸ್ತ್ರೀಗೆ ಸ್ವಂತ ಧನವಿಲ್ಲವೆಂಬ ಆಕ್ಷೇಪವನ್ನೂ ಅಲ್ಲಿಯೇ ಖಂಡಿಸಲಾಗಿದೆ. ಆದರೆ ಸ್ವಲ್ಪ ಮುಂದೆ, ಪತ್ನಿಯು ವಿದ್ಯೆಯಲ್ಲಿ ಪತಿಗೆ ಸಮಾನಳಲ್ಲವೆಂಬ ಕಾರಣದಿಂದ, ವಚನದಲ್ಲಿ ಹೇಳಿದಷ್ಟನ್ನು ಮಾತ್ರ ಆಕೆ ಮಾಡತಕ್ಕದ್ದೆಂದು ಅನುಷ್ಠಾನವನ್ನು ಸಂಕೋಚಗೊಳಿಸಲಾಗಿದೆ. ಅದೇ ಪಾದದಲ್ಲಿಯೇ ಶೂದ್ರರಿಗೆ ಅಧಿಕಾರವನ್ನು ನಿರಾಕರಿಸಿರುವುದರಿಂದ ಆ ಶಾಸ್ತ್ರವನ್ನು ಸಮಾನತೆಯ ಶಾಸ್ತ್ರವೆಂದು ಎತ್ತಿಹಿಡಿಯುವುದು ಸತ್ಯಕ್ಕೆ ದೂರವಾಗುವುದು. ಇಲ್ಲಿ ಗ್ರಹಿಸಬೇಕಾದುದು ಯುಕ್ತಿಯ ಕ್ರಮವನ್ನು ಮಾತ್ರ: ಅಧಿಕಾರವನ್ನು ಒಪ್ಪಿ ಅನುಷ್ಠಾನವನ್ನು ಕುಗ್ಗಿಸುವುದು ಸಾಧ್ಯ, ಮತ್ತು ಅದು ಬಹು ಪ್ರಾಚೀನವಾದ ರೀತಿ.

ನವೀನ ಶಾಸನಗಳ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ. 1919ರ ಭಾರತ ಸರ್ಕಾರದ ಕಾಯಿದೆಯು ಸ್ತ್ರೀಯರ ಮತಾಧಿಕಾರವನ್ನು ಪ್ರಾಂತ ಶಾಸನಸಭೆಗಳ ಇಚ್ಛೆಗೆ ಬಿಟ್ಟಿತು. ಮದರಾಸು ಮತ್ತು ಮುಂಬಯಿ ಸಭೆಗಳು 1921ರಲ್ಲಿ ಅದನ್ನು ಕೊಟ್ಟವು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1950ರ ಸಂವಿಧಾನವು ಲಿಂಗದ ಕಾರಣದಿಂದ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಕೂಡದೆಂದು ವಿಧಿಸಿತು. ಪುಲ್ಲಿಂಗ ಶಬ್ದವು ಸ್ತ್ರೀಯನ್ನೂ ಒಳಗೊಳ್ಳುವುದೆಂಬ 1897ರ ಸಾಮಾನ್ಯ ಖಂಡಗಳ ಕಾಯಿದೆಯ ನಿಯಮವು ಸಂವಿಧಾನದ ಅರ್ಥವಿವರಣೆಗೂ ಅನ್ವಯಿಸುವುದು. ಲಿಂಗವು ಅವಿವಕ್ಷಿತವೆಂಬ ಪಕ್ಷವು ಹೀಗೆ ಮತ್ತೊಮ್ಮೆ ಸಿದ್ಧಾಂತವಾಯಿತು. ಕನ್ನಡದ ಶೀಲವೂ ಇದಕ್ಕೆ ಅನುಕೂಲವಾಗಿದೆ: ಏಕವಚನದಲ್ಲಿ ‘ಬಂದನು’, ‘ಬಂದಳು’ ಎಂಬ ಭೇದವಿದ್ದರೂ ಬಹುವಚನದಲ್ಲಿ ಇಬ್ಬರಿಗೂ ‘ಬಂದರು’ ಎಂಬ ಒಂದೇ ರೂಪ. ಆದರೆ ‘ಸದಸ್ಯರು ಬಂದರು’ ಎಂಬ ವಾಕ್ಯವು ವ್ಯಾಕರಣದಲ್ಲಿ ಸ್ತ್ರೀಯನ್ನು ಒಳಗೊಂಡಿತೆಂದ ಮಾತ್ರಕ್ಕೆ ಸಭೆಯೊಳಗೆ ಸ್ತ್ರೀಯು ಬಂದಳೆಂದು ಆಗುವುದಿಲ್ಲ. ಶಬ್ದದ ವ್ಯಾಪ್ತಿ ಬೇರೆ, ಪದಾರ್ಥದ ಉಪಸ್ಥಿತಿ ಬೇರೆ.

ಈ ಅಂತರವನ್ನು ಅಳೆಯುವುದಕ್ಕೆ ಕೊಪ್ಪಳ ಸೀಮೆಯು ತಕ್ಕ ಸ್ಥಳ. ಕವಿರಾಜಮಾರ್ಗವು ಕನ್ನಡದ ತಿರುಳಿನ ನೆಲವನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಕೋಟೆಯ ಊರಾದ ಇರಕಲ್ಲಗಡದ ಮತದಾತೆಯೊಬ್ಬಳನ್ನು ದೃಷ್ಟಾಂತವಾಗಿ ಭಾವಿಸಬಹುದು. ಆಕೆ ಗ್ರಾಮಪಂಚಾಯಿತಿಗೆ ಮತವನ್ನು ಕೊಡುವಾಗ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವುವು. ಕರ್ನಾಟಕವು 1983ರ ಕಾಯಿದೆಯಿಂದಲೇ ಶೇಕಡಾ 25ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟು, 1987ರಲ್ಲಿ ಅದರಂತೆ ಚುನಾವಣೆಯನ್ನು ನಡೆಸಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರನೆಯ ಒಂದು ಭಾಗವನ್ನು ವಿಧಿಸಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಅದೇ ಮತದಾತೆಯು ಲೋಕಸಭೆಗೆ ಮತ ಕೊಡುವಾಗಿನ ಸ್ಥಿತಿಯೇ ಬೇರೆ. 1952ರಿಂದ 2024ರ ವರೆಗೆ ನಡೆದ 18 ಸಾರ್ವತ್ರಿಕ ಚುನಾವಣೆಗಳಲ್ಲಿ ಆ ಸೀಮೆಯಿಂದ ಲೋಕಸಭೆಗೆ ಆರಿಸಿ ಹೋದವರೆಲ್ಲ ಪುರುಷರೇ. 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿ ಬಂದ ಸ್ತ್ರೀಯರು 10 ಮಂದಿ. 2024ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 3, ದೇಶದ 543ರಲ್ಲಿ 74. ಅಧಿಕಾರವು ಪೂರ್ಣ, ಅನುಷ್ಠಾನವು ಹೇಳಿದಷ್ಟು ಮಾತ್ರ. ಎಲ್ಲಿ ವಚನವುಂಟೋ ಅಲ್ಲಿ ಅರ್ಧ, ವಚನವಿಲ್ಲದಲ್ಲಿ ಅತ್ಯಲ್ಪ.

ಯೋಗ್ಯತೆಯ ಕೊರತೆಯೇ ಇದಕ್ಕೆ ಕಾರಣವೆಂದು ಹೇಳುವ ಪಕ್ಷವು ನೆರೆಯ ಕ್ಷೇತ್ರಗಳನ್ನು ನೋಡಿದರೆ ನಿಲ್ಲಲಾರದು. ಸಂಸ್ಕೃತ ವಿದುಷಿಯಾದ ಸರೋಜಿನಿ ಮಹಿಷಿಯವರು ಧಾರವಾಡದ ಕಡೆಯಿಂದ 1962, 1967, 1971, 1977 ಹೀಗೆ ನಾಲ್ಕು ಬಾರಿ ಲೋಕಸಭೆಗೆ ಆರಿಸಿ ಬಂದರು. ಬಸವರಾಜೇಶ್ವರಿಯವರು ಬಳ್ಳಾರಿಯಿಂದ 1984, 1989, 1991ರಲ್ಲಿ ಗೆದ್ದರು. ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರ ವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದರು. ಪಶ್ಚಿಮಕ್ಕೂ ಪೂರ್ವಕ್ಕೂ ಇರುವ ನೆರೆಯ ಕ್ಷೇತ್ರಗಳು ಪುನಃ ಪುನಃ ಒಪ್ಪಿದುದನ್ನು ಕೊಪ್ಪಳದ ಮತದಾರರು ಒಪ್ಪಲಾರರೆಂದು ಹೇಳಲು ಆಧಾರವಿಲ್ಲ. ಮತದಾರನ ಮುಂದೆ ಬರುವ ಹೆಸರುಗಳನ್ನು ಮೊದಲು ಆರಿಸುವವರು ಪಕ್ಷಗಳವರು. ಸಂಕೋಚವು ಅಲ್ಲಿ ನಡೆಯುವುದು.

ಇಲ್ಲಿ ಮೂರನೆಯ ಪಾದದ ವಿಚಾರವು ಉಪಯುಕ್ತವಾಗಿದೆ. ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬ ನಿಯಮಕ್ಕೆ ಸತ್ರದಲ್ಲಿ ಒಂದು ವಿಶೇಷವುಂಟು. ಸತ್ರವು ಹದಿನೇಳಕ್ಕೆ ಕಡಮೆಯಿಲ್ಲದ ಯಜಮಾನರು ಕೂಡಿ ನಡೆಸುವ ಯಾಗ. ನಡುವೆ ಒಬ್ಬನು ತೀರಿಕೊಂಡರೆ ಸಂಖ್ಯೆಯು ಕುಂದಿ ಕರ್ಮವು ವಿಗುಣವಾಗದಂತೆ ಬೇರೊಬ್ಬನನ್ನು ತರಬಹುದು. ಹಾಗೆ ಬಂದವನು ಸ್ವಾಮಿಯೆ, ಕರ್ಮಕರನೆ ಎಂಬ ಸಂಶಯಕ್ಕೆ ಕರ್ಮಕರನೆಂಬುದೇ ಉತ್ತರ. ಯಜಮಾನನ ನಿಯಮಗಳೆಲ್ಲ ಅವನಿಗೆ ಅಂಟುವುವು, ಫಲವು ಮಾತ್ರ ಅವನದಲ್ಲ. ಹಲವರು ಒಡೆಯರಾಗಿ ನಡೆಸುವ ಪ್ರಜಾರಾಜ್ಯವನ್ನು ಇದಕ್ಕಿಂತ ಹೆಚ್ಚಾಗಿ ಹೋಲುವ ಕರ್ಮವು ಮತ್ತೊಂದಿಲ್ಲ. ಚುನಾಯಿತನು ಕರ್ಮಕರನು, ಸ್ವಾಮಿಗಳು ಪ್ರಜೆಗಳು. ಆ ಸ್ವಾಮಿಗಳಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರುವಲ್ಲಿ ಕರ್ಮಕರರಲ್ಲಿ ಅವರು ವಿರಳರಾಗಿರುವುದು ಸಂಖ್ಯಾವೈಗುಣ್ಯವೇ ಸರಿ.

ಅದೇ ಪಾದದ ಮತ್ತೊಂದು ನ್ಯಾಯವು ಇನ್ನೂ ತೀಕ್ಷ್ಣವಾದುದು. ಪ್ರತಿನಿಧಿಯಾಗಿ ತಂದ ಪೂತೀಕವೂ ನಷ್ಟವಾದರೆ, ಪೂತೀಕವನ್ನು ಹೋಲುವ ವಸ್ತುವನ್ನಲ್ಲ, ಮುಖ್ಯವಾದ ಸೋಮವನ್ನು ಹೋಲುವುದನ್ನೇ ತರಬೇಕು. ಪ್ರತಿನಿಧಿಗೆ ಪ್ರತಿನಿಧಿಯಿಲ್ಲ. ಸದಸ್ಯನೊಬ್ಬನು ಮೃತನಾದಾಗ ಆತನ ಪತ್ನಿಯನ್ನೋ ಪುತ್ರಿಯನ್ನೋ ಸ್ಪರ್ಧೆಗೆ ನಿಲ್ಲಿಸುವ ಪದ್ಧತಿಯನ್ನು ಈ ನ್ಯಾಯದಿಂದ ಪರೀಕ್ಷಿಸಬೇಕು. ಅಲ್ಲಿ ಹುಡುಕುವ ಸಾದೃಶ್ಯವು ಪ್ರಜೆಗಳಿಗೆ ಸಂಬಂಧಿಸಿದುದಲ್ಲ, ಗತಿಸಿದ ಪ್ರತಿನಿಧಿಗೆ ಸಂಬಂಧಿಸಿದುದು. ಹಾಗೆ ಬಂದವಳು ಸಮರ್ಥಳಾಗಿರಬಹುದು. ಆಕೆಯನ್ನು ಆರಿಸಿದ ಕಾರಣವು ಮಾತ್ರ ಅಸಮರ್ಥವಾದುದು. ಗ್ರಾಮಪಂಚಾಯಿತಿಯಲ್ಲಿ ಸದಸ್ಯೆಯ ಪತಿಯು ಆಕೆಯ ಆಸನದ ಬಳಿ ಕುಳಿತು ಆಕೆಯ ಪರವಾಗಿ ಮಾತನಾಡುವಲ್ಲಿ ದೋಷವು ಇನ್ನೂ ಸ್ಪಷ್ಟ. ಅವನು ಪ್ರತಿನಿಧಿಯ ಪ್ರತಿನಿಧಿ. ಅವನನ್ನು ಯಾವ ವಿಧಿಯೂ ನಿಯಮಿಸಿಲ್ಲ, ಯಾವ ಸ್ವಾಮಿಯೂ ಕರೆದಿಲ್ಲ. ಸಮಾಸದ ಮೂರನೆಯ ವಿಗ್ರಹವು ಹೀಗೆ ಶಾಸ್ತ್ರಕ್ಕೂ ಶಾಸನಕ್ಕೂ ವಿರುದ್ಧವಾದುದು.

ಪ್ರಾಚೀನ ಶಾಸನಗಳಲ್ಲಿ ಬರುವ ಸ್ತ್ರೀಯರನ್ನು ಈ ಪ್ರಸಂಗದಲ್ಲಿ ಉದಾಹರಿಸುವ ವಾಡಿಕೆಯನ್ನೂ ಪರಿಶೀಲಿಸಬೇಕು. ರಾಷ್ಟ್ರಕೂಟರ ಕಾಲದಲ್ಲಿ ಜಕ್ಕಿಯಬ್ಬೆಯು ಗಂಡನು ಮಡಿದ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ಪಡೆದು ನಡೆಸಿದಳು. ಚಾಳುಕ್ಯ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡನ್ನು ಆಳಿದಳು; ಯಲಬುರ್ಗೆಗೆ ದೂರವಲ್ಲದ ಸೂಡಿಯ ಶಾಸನಗಳಲ್ಲಿ ಆಕೆಯ ಹೆಸರುಂಟು. ಇವರು ಸ್ತ್ರೀಯ ಆಡಳಿತಸಾಮರ್ಥ್ಯಕ್ಕೆ ಪ್ರಬಲವಾದ ಪ್ರಮಾಣ. ಆದರೆ ಸ್ತ್ರೀಯರ ಪ್ರಾತಿನಿಧ್ಯಕ್ಕೆ ಪ್ರಮಾಣರಲ್ಲ. ಏಕೆಂದರೆ ಅವರನ್ನು ನಿಯಮಿಸಿದವನು ಅರಸು, ಅವರು ಉತ್ತರ ಹೇಳಬೇಕಾದುದೂ ಅರಸಿಗೆ. ಇವರನ್ನು ಇಂದಿನ ಶಾಸಕಿಯರ ಪೂರ್ವಜೆಯರೆಂದು ವರ್ಣಿಸುವ ಲೇಖಕರು ನಿಯೋಗಕ್ಕೂ ಚುನಾವಣೆಗೂ ಇರುವ ಭೇದವನ್ನು ಮರೆಯುವರು. ಮರೆತುದರ ಫಲವಾಗಿ, ಗಂಡನ ಸ್ಥಾನವನ್ನು ಹೆಂಡತಿಗೆ ಕೊಡುವ ಈಗಿನ ಪದ್ಧತಿಗೆ ಜಕ್ಕಿಯಬ್ಬೆಯ ಗೌರವವು ಎರವಲಾಗಿ ಹೋಗುವುದು.

ಉಳಿದುದು ಮೊದಲನೆಯ ವಿಗ್ರಹ. ಮೀಸಲಾದ ಸ್ಥಾನದಿಂದ ಬಂದವಳು ಮಹಿಳೆಯರ ಪ್ರತಿನಿಧಿಯೆಂದರೆ ಉಳಿದವರೆಲ್ಲ ಪುರುಷರ ಪ್ರತಿನಿಧಿಗಳೆಂದು ಅರ್ಥಾಪತ್ತಿಯಿಂದ ಸಿದ್ಧಿಸುವುದು; ಇದು ಯಾರಿಗೂ ಇಷ್ಟವಲ್ಲ. ಸಂವಿಧಾನಸಭೆಯಲ್ಲಿ ರೇಣುಕಾ ರೇ ಅವರಂಥ ಸದಸ್ಯೆಯರು ಪ್ರತ್ಯೇಕ ಸ್ಥಾನಗಳನ್ನು ವಿರೋಧಿಸಿದುದು ಯೋಗ್ಯತೆಗೆ ಮುಕ್ತವಾದ ಅವಕಾಶವು ದೊರೆಯುವುದೆಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಏಳು ದಶಕಗಳ ಸಂಖ್ಯೆಗಳು ಸಮರ್ಥಿಸಲಿಲ್ಲ. ದೇವೇಗೌಡರ ಸರ್ಕಾರವು 1996ರಲ್ಲಿ ತಂದ ಮಸೂದೆಯು ನಿಂತುಹೋಯಿತು. 2010ರಲ್ಲಿ ರಾಜ್ಯಸಭೆಯು ಒಪ್ಪಿದ ಮಸೂದೆಯು ಲೋಕಸಭೆಯನ್ನು ದಾಟಲಿಲ್ಲ. 2023ರಲ್ಲಿ 106ನೆಯ ತಿದ್ದುಪಡಿಯು ಅಂಗೀಕೃತವಾಯಿತು. ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಅದು ವಿಧಿಸುವುದು. ಅಂಗೀಕೃತವಾದ ಆ ಪಾಠದಲ್ಲಿ ಮೀಸಲು ಸ್ಥಾನದ ಮತದಾರರು ಸ್ತ್ರೀಪುರುಷರೆಲ್ಲರೂ ಆಗಿರುವುದರಿಂದ ಕರ್ಮಧಾರಯವೇ ಶಾಸನಕರ್ತರಿಗೆ ವಿವಕ್ಷಿತವೆಂಬುದು ಸ್ಪಷ್ಟ. ಆದರೆ ಮುಂದಿನ ಜನಗಣತಿಯೂ ಅದನ್ನನುಸರಿಸಿದ ಕ್ಷೇತ್ರವಿಂಗಡಣೆಯೂ ಆದ ಮೇಲೆಯೇ ಅನುಷ್ಠಾನವೆಂದು ಆ ಪಾಠವು ಹೇಳಿತು. 2024ರ ಚುನಾವಣೆಯು ಆ ವಿಧಿಯ ಸ್ಪರ್ಶವಿಲ್ಲದೆ ನಡೆದುಹೋಯಿತು. ಅಧಿಕಾರವನ್ನು ಒಪ್ಪಿ ಅನುಷ್ಠಾನವನ್ನು ಮುಂದಕ್ಕೆ ತಳ್ಳಿದುದಕ್ಕೆ ಇದೂ ಒಂದು ನಿದರ್ಶನ.

ಪಾಠಶಾಲೆಗಳಲ್ಲಿ ಈ ಪದವನ್ನು ಬೋಧಿಸುವವರು ‘ಮಹಿಳೆಯಾದ ಪ್ರತಿನಿಧಿ’ ಎಂಬ ವಿಗ್ರಹವನ್ನು ಬಾಯಿಬಿಟ್ಟು ಹೇಳುವುದು ಯುಕ್ತ. ಆಗ ಆಕೆ ಊರಿನ ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಉತ್ತರ ಹೇಳಬೇಕಾದ ಕರ್ಮಕರಳೆಂದೂ, ಆಕೆಯ ಸ್ಥಾನದಲ್ಲಿ ಬೇರೊಬ್ಬನು ಕೂಡಲಾಗದೆಂದೂ ವಿದ್ಯಾರ್ಥಿಗೆ ತಿಳಿಯುವುದು. ಸ್ತ್ರೀಯರ ಪಾಲನ್ನು ಹೇಳಬೇಕಾದಲ್ಲಿ ‘ಪ್ರಾತಿನಿಧ್ಯ’ಕ್ಕಿಂತ ‘ಅಧಿಕಾರ’ವೆಂಬ ಶಬ್ದವೇ ಮೇಲು, ಏಕೆಂದರೆ ಪ್ರಾತಿನಿಧ್ಯವು ಒಡೆಯರು ಕೊಡುವುದು, ಅಧಿಕಾರವು ಒಡೆಯರಿಗೆ ಇರುವುದು. ಇರಕಲ್ಲಗಡದ ಮತದಾತೆಯು ಸತ್ರದಲ್ಲಿ ಅತಿಥಿಯಲ್ಲ, ಯಜಮಾನಳು.