ಬೆಳ್ಳೂರಿನ ಮೇಷ್ಟ್ರು, ನಮ್ಮೂರ ದುರ್ಯೋಧನ

ವೀಕೆಂಡಿಗೆ ಹಾಸನದ ಕಡೆ ಹೊರಡೋರಿಗೆಲ್ಲ ಬೆಳ್ಳೂರು ಕ್ರಾಸ್ ಗೊತ್ತು. ಬಿ.ಎಂ.ಶ್ರೀ ಹೆಸರಿನ 'ಬಿ' ಆ ಬೆಳ್ಳೂರೇ ಅನ್ನೋದು ಅಷ್ಟಾಗಿ ಗೊತ್ತಿರಲ್ಲ. ನಮ್ಮ ಹೊಣಕೆರೆಯ ಹಾಗೆ ಅದೂ ನಾಗಮಂಗಲ ತಾಲ್ಲೂಕಿನ ಹೋಬಳಿ. ಒಂದೇ ತಾಲ್ಲೂಕಿನವರು ಅನ್ನೋ ಸಲಿಗೆಯಲ್ಲಿ ಈ ಮೇಷ್ಟ್ರ ಜೊತೆ ಸ್ವಲ್ಪ ಜಗಳ ಆಡಬಹುದು ಅಂದುಕೊಂಡಿದ್ದೇನೆ.

ಶ್ರೀ ಅಂದ ಕೂಡಲೇ ಎಲ್ಲರೂ 'ಇಂಗ್ಲಿಷ್ ಗೀತಗಳು' ಅನ್ನುತ್ತಾರೆ. ನನಗೆ ಅದಕ್ಕಿಂತ ರೋಚಕ ಅನ್ನಿಸೋದು ನಾಟಕದ ಬಗ್ಗೆ ಅವರು ನಡೆಸಿದ ಹುಡುಕಾಟ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅವರಿಗೆ ಗ್ರೀಕ್ ದುರಂತ ನಾಟಕಗಳ ಹುಚ್ಚು. ಅಂಥದ್ದು ನಮ್ಮಲ್ಲಿ ಇಲ್ಲವೇ ಅಂತ ಹಳಗನ್ನಡ ಕಾವ್ಯಗಳಲ್ಲಿ ತಡಕಾಡಿದರು. ನಾಗಚಂದ್ರನ ಜೈನ ರಾಮಾಯಣದಲ್ಲಿ ಅವರಿಗೊಬ್ಬ ರಾವಣ ಸಿಕ್ಕ. ಸೀತೆಯ ಸಂಕಟ ಕಂಡು ಇವನ ಮನಸ್ಸು ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೇಡಿ ಅಂತಾರೆ, ಯುದ್ಧ ಗೆದ್ದು ಆಮೇಲೆ ಕೊಡ್ತೀನಿ ಅಂತ ಹೊರಟು ಸಾಯುತ್ತಾನೆ. ಇವನನ್ನು ಶ್ರೀ ದುರಂತ ನಾಯಕ ಅಂತ ಓದಿದರು. ಕನ್ನಡಕ ಗ್ರೀಸಿನದು ನಿಜ, ಕಂಡದ್ದು ಮಾತ್ರ ಕನ್ನಡದ್ದೇ. ಅಸ್ಮಿತೆ, ಅಸ್ಮಿತೆ ಅಂತ ಸೆಮಿನಾರುಗಳಲ್ಲಿ ಕೇಳಿ ಕೇಳಿ ಸುಸ್ತಾದವರು ಈ ಒಂದು ಓದನ್ನು ಗಮನಿಸಬೇಕು.

1926ರಲ್ಲಿ ರನ್ನನ ಕಾವ್ಯದಿಂದಲೇ 'ಗದಾಯುದ್ಧ ನಾಟಕಂ' ಕಡೆದರು. ರನ್ನನ ಕಥಾನಾಯಕ ಭೀಮ. ಶ್ರೀ ಕಣ್ಣು ನೆಟ್ಟಿದ್ದು ಹೆಣಗಳ ನಡುವೆ ಒಬ್ಬನೇ ನಡೆಯುವ, ಶತ್ರುವಿನ ಮಗ ಅಭಿಮನ್ಯುವನ್ನೂ ಮೆಚ್ಚುವ ದುರ್ಯೋಧನನ ಮೇಲೆ. 1929ರಲ್ಲಿ ಸೊಫೊಕ್ಲಿಸ್‌ನ 'ಅಜಾಕ್ಸ್' ಹಿಡಿದು 'ಅಶ್ವತ್ಥಾಮನ್' ಬರೆದರು.

ಜಗಳ ಇಲ್ಲಿದೆ. ಕವಿತೆಯಲ್ಲಿ ಕನ್ನಡವನ್ನು ಅಷ್ಟು ಹಗುರ ಮಾಡಿದವರು ನಾಟಕಕ್ಕೆ ಬಂದಾಗ ಹಳಗನ್ನಡದ ಬಾಗಿಲು ಹಾಕಿಕೊಂಡರು. ಭಾಷೆ ಕಷ್ಟ, ಅದಕ್ಕೇ ಜನರಿಗೆ ಮುಟ್ಟಲಿಲ್ಲ ಅಂತ ಹೇಳಿ ಮುಗಿಸಬಹುದು. ನಾನು ಒಪ್ಪಲ್ಲ. ನಮ್ಮೂರುಗಳಲ್ಲಿ ರಾತ್ರಿಯಿಡೀ ಆಡೋ 'ಕುರುಕ್ಷೇತ್ರ'ದ ಮಾತು ಯಾರ ಮನೆಮಾತು ಹೇಳಿ? ಗದ್ದೆ ಕೆಲಸ ಮುಗಿಸಿ ಬಂದವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಆ ಸಂಸ್ಕೃತದ ಸಮಾಸಗಳನ್ನು ಬಾಯಿಪಾಠ ಮಾಡುತ್ತಾರೆ. ಪಾರ್ಟಿಗೆ ಕೈಯಿಂದ ದುಡ್ಡೂ ಕಟ್ಟುತ್ತಾರೆ. ದುರ್ಯೋಧನನ ಪಾರ್ಟಿಗೆ ಪೈಪೋಟಿ ಜೋರು. ಅರ್ಥ ಆಗದ ಪದ ರಾಗದ ಮೇಲೆ ದಾಟಿಬಿಡುತ್ತೆ. ಒನ್ಸ್ ಮೋರ್ ಬೀಳುತ್ತೆ.

ಅಂದರೆ ಶ್ರೀ ಪುಸ್ತಕಗಳಲ್ಲಿ ಹುಡುಕಿ ತೆಗೆದದ್ದು ಅವರದೇ ತಾಲ್ಲೂಕಿನವರಿಗೂ ಬೇಕಾಗಿದ್ದ ದುರ್ಯೋಧನನೇ: ಸೋಲ್ತೀನಿ ಅಂತ ಗೊತ್ತಿದ್ದೂ ಬಗ್ಗದವನು. ಅವನಿಗೆ ಅವರು ಕೊಡದೇ ಹೋದದ್ದು ಹಾರ್ಮೋನಿಯಂ. ಹಾಗಾಗಿ ಅವರ ದುರ್ಯೋಧನ ಎಂ.ಎ. ಸಿಲಬಸ್ಸಿನ ಕೊಳದಲ್ಲಿ ಮುಳುಗಿ ಕೂತ, ಹಬ್ಬದ ಚಪ್ಪರಕ್ಕೆ ಬರಲಿಲ್ಲ. ರಂಗಭೂಮಿ ಬಗ್ಗೆ ಪಿಎಚ್‌ಡಿ ಮಾಡುವವರು ಈ ಎರಡು ದುರ್ಯೋಧನರನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದರೆ ನಾನಂತೂ ಕಾಸು ಕೊಟ್ಟು ತಗೊಂಡು ಓದ್ತೀನಿ.