ಜೀವನ ಮಾರ್ಗದರ್ಶನವೂ ಗುರಿಯ ಪ್ರಶ್ನೆಯೂ: ಕ್ರೈಸ್ತ ‘ಕೋಚಿಂಗ್’ ಪದ್ಧತಿಯ ಒಂದು ವಿಮರ್ಶೆ

‘ಕೋಚಿಂಗ್’ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಗೆ ಪಾಠ ಹೇಳುವುದೆಂಬ ಅರ್ಥದಲ್ಲಿಯೇ ರೂಢವಾಗಿದೆ. ಈಚಿನ ಕೆಲವು ದಶಕಗಳಲ್ಲಿ ಅದು ಬಾಳಿನ ಮಾರ್ಗದರ್ಶನಕ್ಕೂ ಅನ್ವಯವಾಗಿ ‘ಲೈಫ್ ಕೋಚಿಂಗ್’ ಎಂಬ ವೃತ್ತಿಯೊಂದು ಬೆಳೆದುಬಂದಿದೆ. ಆ ವೃತ್ತಿಯನ್ನು ಕ್ರೈಸ್ತ ವಿಶ್ವಾಸದ ತಳಹದಿಯ ಮೇಲೆ ನಿಲ್ಲಿಸುವ ಪ್ರಯತ್ನಗಳೂ ನಡೆದಿವೆ. ಈ ಪ್ರಯತ್ನವನ್ನು ಇತಿಹಾಸದ ದೃಷ್ಟಿಯಿಂದ ಹೇಗೆ ಬೆಲೆಕಟ್ಟಬೇಕೆಂಬುದಷ್ಟೇ ಪ್ರಕೃತ ಲೇಖನದ ವಿಷಯ. ಮತಸಿದ್ಧಾಂತದ ಸತ್ಯಾಸತ್ಯ ವಿಚಾರಕ್ಕೆ ನಾವು ಕೈಹಾಕುವುದಿಲ್ಲ.

ಕೋಚ್ ಎಂಬುದು ಮೂಲತಃ ಹಂಗೇರಿಯ ಒಂದು ಗ್ರಾಮದ ಹೆಸರು. ಅಲ್ಲಿ ತಯಾರಾಗುತ್ತಿದ್ದ ಬಂಡಿಗೆ ಆ ಹೆಸರು ನಿಂತಿತು. ೧೯ನೆಯ ಶತಮಾನದ ಇಂಗ್ಲಿಷ್ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯ ಆಚೆದಡಕ್ಕೆ ಸಾಗಿಸುವ ಅಧ್ಯಾಪಕನನ್ನು ವಿನೋದಕ್ಕಾಗಿ ಅದೇ ಹೆಸರಿನಿಂದ ಕರೆದರು. ಬಂಡಿಯು ಪ್ರಯಾಣಿಕನನ್ನು ಎಲ್ಲಿಗೆ ಏಕೆ ಹೋಗುತ್ತೀಯೆಂದು ಕೇಳುವುದಿಲ್ಲವಷ್ಟೆ. ೧೯೯೫ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವು ಪ್ರಚುರಪಡಿಸಿದ ತತ್ತ್ವವೂ ಇದಕ್ಕೆ ದೂರವಾದುದಲ್ಲ. ತನ್ನ ಬಾಳಿನ ವಿಷಯದಲ್ಲಿ ತಾನೇ ಬಲ್ಲವನು. ಗುರಿಯನ್ನು ಅವನೇ ಇಟ್ಟುಕೊಳ್ಳತಕ್ಕದ್ದು. ಮಾರ್ಗದರ್ಶಕನು ಪ್ರಶ್ನೆಗಳಿಂದ ಅವನನ್ನು ಮುಂದೊಯ್ಯಬೇಕೇ ಹೊರತು ಉಪದೇಶ ಮಾಡಲಾಗದು.

ಗ್ಯಾರಿ ಕಾಲಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ೨೦೦೧ರಲ್ಲಿ ‘ಕ್ರಿಶ್ಚಿಯನ್ ಕೋಚಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿ, ಈ ಪದ್ಧತಿಗೆ ಕ್ರೈಸ್ತ ರೂಪವನ್ನು ಕೊಟ್ಟವರಲ್ಲಿ ಪ್ರಮುಖರಾದರು. ದೇವರು ಬಯಸುವ ಎಡೆಗೆ ಮನುಷ್ಯನು ಸಾಗುವಂತೆ ನೆರವಾಗುವುದೇ ಕೋಚಿಂಗ್ ಎಂಬುದು ಅವರ ನಿಲುವು. ತೊಡಕು ಇಲ್ಲಿಯೇ ಇದೆ. ದೇವರ ಬಯಕೆಯನ್ನು ನಿಶ್ಚಯಿಸುವವರು ಯಾರು? ನೆರವು ಬೇಡುವವನೇ ಎಂದರೆ ‘ಕ್ರೈಸ್ತ’ ಎಂಬ ವಿಶೇಷಣಕ್ಕೆ ಹೆಚ್ಚಿನ ಕೆಲಸವಿಲ್ಲ. ಮಾರ್ಗದರ್ಶಕನೆಂದರೆ ‘ಕೋಚಿಂಗ್’ ಎಂಬ ವಿಶೇಷ್ಯವೇ ಬಿದ್ದುಹೋಗುತ್ತದೆ.

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಜಾನ್ ಬನಿಯನ್ ೧೬೭೮ರಲ್ಲಿ ಪ್ರಕಟಿಸಿದ ರೂಪಕಕಥೆಯು ೧೮೪೭ರಲ್ಲಿ ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ಬಂದಿತು. ನಮ್ಮ ಸಾಹಿತ್ಯ ಚರಿತ್ರಕಾರರು ಅದನ್ನು ಕಾದಂಬರಿಯ ಪೂರ್ವರೂಪವೆಂದು ಸ್ಮರಿಸುವುದುಂಟು. ಜೀವನ ಮಾರ್ಗದರ್ಶನದ ಗ್ರಂಥವೆಂದು ಅದನ್ನು ಓದಿದವರು ವಿರಳ. ಬೆನ್ನ ಮೇಲೆ ಹೊರೆ ಹೊತ್ತ ಯಾತ್ರಿಕನಿಗೆ ಸುವಾರ್ತೆಯವನು ದೂರದ ಕಿರುಬಾಗಿಲನ್ನು ತೋರುತ್ತಾನೆ. ದಾರಿಯಲ್ಲಿ ಎದುರಾದ ಲೋಕಜ್ಞಾನಿಯು ಬೇರೊಂದು ಸಲಹೆ ಕೊಡುತ್ತಾನೆ: ಹೊರೆಯನ್ನು ಇಳಿಸಬಲ್ಲ ಗೃಹಸ್ಥರೊಬ್ಬರು ಹತ್ತಿರದ ಊರಿನಲ್ಲಿದ್ದಾರೆ, ಅಲ್ಲಿ ಮನೆಗಳು ಖಾಲಿಯಿವೆ, ಬಾಡಿಗೆ ಹೆಚ್ಚಲ್ಲ, ದಿನಸಿ ಅಗ್ಗ, ಹೆಂಡತಿಮಕ್ಕಳನ್ನೂ ಕರೆಸಿಕೊಳ್ಳಬಹುದು. (ಇಂದಿನ ಯಲಹಂಕದ ನಿವೇಶನಗಳ ಜಾಹೀರಾತನ್ನು ಓದಿದವರಿಗೆ ಈ ಧಾಟಿ ಅಪರಿಚಿತವೆನಿಸದು.) ಗಮನಿಸತಕ್ಕ ಅಂಶವೆಂದರೆ, ಲೋಕಜ್ಞಾನಿಯು ಯಾತ್ರಿಕನ ಇಚ್ಛೆಯನ್ನು ಉಲ್ಲಂಘಿಸುವುದಿಲ್ಲ. ಹೊರೆ ಇಳಿಯಬೇಕೆಂಬುದು ಯಾತ್ರಿಕನದೇ ಬಯಕೆ. ಅದಕ್ಕೆ ಸಮೀಪದ ಹಾದಿಯನ್ನು ಆತನು ಸೂಚಿಸುತ್ತಾನೆ, ಅಷ್ಟೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಆ ಕಥೆಯಲ್ಲಿ ಕೋಚ್ ಎನಿಸಿಕೊಳ್ಳಬಲ್ಲವನು ಲೋಕಜ್ಞಾನಿಯೇ. ಸುವಾರ್ತೆಯವನಾದರೋ ಮರಳಿ ಬಂದು, ನೀನು ಹಿಡಿದ ದಾರಿಯೇ ತಪ್ಪೆಂದು ಗದರಿಸುತ್ತಾನೆ. ಹೀಗೆ ಗದರಿಸುವ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆ ಕ್ರೈಸ್ತ ಮಾರ್ಗದರ್ಶನದಲ್ಲಿ ಉಳಿಯುವುದೇನೆಂಬುದಕ್ಕೆ ಹೊಸ ಪದ್ಧತಿಯ ಪ್ರತಿಪಾದಕರು ಉತ್ತರ ಹೇಳಬೇಕಾಗಿದೆ.

ಆದರೆ ಗದರಿಸುವ ಅಧಿಕಾರವು ಕಥೆಯಿಂದ ಇಳಿದು ಸಮಾಜದಲ್ಲಿ ನೆಲಸಿದಾಗ ಏನಾಯಿತೆಂಬುದನ್ನು ಕರಾವಳಿಯ ಚರಿತ್ರೆ ತೋರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ಮತಾಂತರ ಹೊಂದಿದವರು ಜಾತಿಯ ಆಶ್ರಯವನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರ ಜೀವನೋಪಾಯವೂ ಮಿಷನ್ನಿನ ಹೊಣೆಯಾಯಿತು. ಮಗ್ಗಗಳು ಬಂದವು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ಬಂದಿತು. ಅನ್ನವನ್ನೂ ಉಪದೇಶವನ್ನೂ ಒಂದೇ ಸಂಸ್ಥೆ ಕೊಡುವಂತಾಯಿತು. ಆ ಪಾದ್ರಿಗಳ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೂ ಕೂಲಿ ಕೊಡುವ ಸಂಸ್ಥೆಯ ಗುರುವಿನೆದುರು ಕೂಲಿಕಾರನು ತನ್ನ ಮನಸ್ಸನ್ನು ಎಷ್ಟರಮಟ್ಟಿಗೆ ಬಿಚ್ಚಿ ತೋರಿಯಾನು? ಮೊದಲ ಮಹಾಯುದ್ಧದ ತರುವಾಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗ ಈ ಗಂಟು ಕಳಚಿತು. ಅದನ್ನು ಕಳಚಿದ್ದು ಯುದ್ಧವೇ ಹೊರತು ಯಾರ ವಿವೇಕವೂ ಅಲ್ಲ. ಬನಿಯನ್ನನ ಸುವಾರ್ತೆಯವನಿಗೆ ಯಾತ್ರಿಕನ ಊಟವಸತಿಗಳ ಮೇಲೆ ಯಾವ ಹಿಡಿತವೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಈ ದೃಷ್ಟಿಯಿಂದ, ಉಪದೇಶವನ್ನು ವರ್ಜಿಸುವ ಕೋಚಿಂಗಿನ ಸಂಯಮವು ಒಂದು ನಿಜವಾದ ಲಾಭವೆಂದೇ ನಮ್ಮ ಅಭಿಪ್ರಾಯ.

ಆ ಲಾಭ ಯಾರಿಗೆ ದಕ್ಕುತ್ತದೆಂಬುದು ಬೇರೆ ಮಾತು. ಉತ್ತರ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ ಕಚೇರಿಗಳೂ ವಸತಿಸಮುಚ್ಚಯಗಳೂ ಹಬ್ಬಿವೆ. ಉದ್ಯೋಗವನ್ನು ಬದಲಿಸಬೇಕೆ, ಉಳಿಸಿಕೊಳ್ಳಬೇಕೆ ಎಂಬ ಆಯ್ಕೆಯುಳ್ಳವರಿಗೆ ಗುರಿಯನ್ನು ಆರಿಸುವ ಈ ಪದ್ಧತಿ ಒಪ್ಪುತ್ತದೆ. ಶುಲ್ಕ ತೆರುವ ಶಕ್ತಿಯೂ ಅವರಿಗಿದೆ. ಅದೇ ಹೆಬ್ಬಾಳದಲ್ಲಿ ೧೯೭೩ರಲ್ಲಿ ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟರು ಆಸ್ಪತ್ರೆಯೊಂದನ್ನು ತೆರೆದರು. ೧೯೮೯ರಲ್ಲಿ ಅದರ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸೇರಿತು. ಇಂಥ ಆಸ್ಪತ್ರೆಗಳಲ್ಲಿ ರೋಗಿಯ ಹಾಸಿಗೆಯ ಬಳಿ ಕುಳಿತು ಮಾತನಾಡುವ ಪಾಲನಾಸೇವೆಯುಂಟು. ಗುಣವಾಗದ ರೋಗಿಯನ್ನು ‘ನಿಮ್ಮ ಗುರಿಯೇನು’ ಎಂದು ಕೇಳುವುದು ಕ್ರೌರ್ಯವಾದೀತು. ಅಲ್ಲಿ ಬೇಕಾದುದು ಜೊತೆಗಿರುವಿಕೆ. ಕ್ರೈಸ್ತ ಪರಂಪರೆಯಲ್ಲಿ ಅದಕ್ಕಿರುವ ಸ್ಥಾನ ದೊಡ್ಡದು. ಕೋಚಿಂಗಿನ ಶಾಸ್ತ್ರದಲ್ಲಿ ಅದಕ್ಕೆ ಇನ್ನೂ ಎಡೆ ದೊರೆತಂತಿಲ್ಲ.

ಕೊನೆಗೆ ಭಾಷೆಯ ವಿಷಯ. ೧೮೪೭ರ ಅನುವಾದಕರಿಗೆ ‘ಯಾತ್ರಿಕ’ ಎಂಬ ಪದ ಸಿದ್ಧವಾಗಿ ದೊರೆಯಿತು. ಕೋಚಿನ ಎದುರು ಕುಳಿತವನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಗಿರಾಕಿ’ ಎಂದರೆ ಅಂಗಡಿಯಾಯಿತು, ‘ಕಕ್ಷಿಗಾರ’ನೆಂದರೆ ನ್ಯಾಯಾಲಯ, ‘ರೋಗಿ’ಯೆಂದರೆ ಆಸ್ಪತ್ರೆ, ‘ಶಿಷ್ಯ’ನೆಂದರೆ ಮಠ. ಈ ಸಂಬಂಧ ಇವುಗಳಲ್ಲಿ ಯಾವುದೆಂದು ಅದನ್ನು ನಡೆಸುವವರು ನಿರ್ಧರಿಸುವವರೆಗೆ ಪದವೂ ಸಿಗಲಾರದು.